ಇಳಿಸು ಅನ್ನುವವರು

ಫೆಬ್ರವರಿ 6, ಗುರುವಾರ. ಭುಜ ಇನ್ನೂ ಬಿಗಿದುಕೊಂಡೇ ಇದೆ, ನಾಚಿಕೆಯೂ ಇಳಿದಿಲ್ಲ.

ಇವತ್ತು ಗ್ಯಾಲರಿಯಲ್ಲಿ ನನ್ನ ಬೂದು ಪಟ್ಟೆಗಳ ದೊಡ್ಡ ಚಿತ್ರವನ್ನು ನಾನೇ ತಲೆಯ ಮೇಲಕ್ಕೆ ಎತ್ತಿ ಹಿಡಿದೆ. ಬಡಗಿ ಅದನ್ನು ಕೊಕ್ಕೆಗೆ ಸಿಕ್ಕಿಸಿ, ಏಣಿ ಇಳಿದು, ಟೀ ಕುಡಿಯಲು ಹೋದ. ನಾನು ಮಾತ್ರ ಚೌಕಟ್ಟು ಬಿಡದೆ ನಿಂತೇ ಇದ್ದೆ. ಹದಿನಾಲ್ಕು ವರ್ಷ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಭಾರ ಎತ್ತಿದವಳ ಅಭ್ಯಾಸ. ತೀರ್ಪುಗಾರರು "ಇಳಿಸು" ಅನ್ನುವ ಮೊದಲೇ ಕೈ ಬಿಟ್ಟರೆ ಎತ್ತಿದ್ದು ಲೆಕ್ಕಕ್ಕಿಲ್ಲ.

ಗ್ಯಾಲರಿಯ ಒಡತಿ ಬಂದು, "ಚಿತ್ರ ಆಗಲೇ ಕೂತಿದೆ, ಕೈ ತೆಗೀರಿ. ಗೋಡೆ ಎಲ್ಲೂ ಓಡಿಹೋಗಲ್ಲ," ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರ ಹತ್ತಿರ ಚಿತ್ರ ಕಲಿತಿರಿ ಎಂದೂ ಕೇಳಿದರು. ಯಾರ ಹತ್ತಿರವೂ ಇಲ್ಲ ಅಂದೆ. ಅವರಿಗೆ ಅದು ಹೆಮ್ಮೆಯ ಮಾತಾಗಿ ಕೇಳಿಸಿತು. ಬೆನ್ನು ಕೈಕೊಟ್ಟು ಎಂಟು ತಿಂಗಳು ಹಾಸಿಗೆ ಹಿಡಿದಾಗ, ಹೊತ್ತು ಹೋಗದೆ, ಅಕ್ಕನ ಮಗಳ ಬಣ್ಣದ ಡಬ್ಬಿ ತೆರೆದವಳು ನಾನು. ಚಿತ್ರ ಮುಗಿಯಿತು, ಇನ್ನು ಕೈ ತೆಗಿ ಅನ್ನುವವರು ಅಂದಿನಿಂದ ಒಬ್ಬರೂ ಇಲ್ಲ. ತಿದ್ದಿ ತಿದ್ದಿಯೇ ಎಷ್ಟೋ ಚಿತ್ರ ಹಾಳು ಮಾಡಿದ್ದೇನೆ.

ಸಂಜೆ ಕೋಚ್‌ಗೆ ಫೋನ್ ಮಾಡಿದೆ. ಆಟ ಬಿಟ್ಟಾಗಿನಿಂದ ಅವರಿಗೆ ನನ್ನ ಮೇಲೆ ಮುನಿಸು. ಚಿತ್ರ ಗೋಡೆ ಏರಿತು ಸರ್ ಅಂದೆ.

"ತೂಕ ಎಷ್ಟು?"

"ಇಪ್ಪತ್ತಾರು ಕಿಲೋ."

"ಅಷ್ಟೇನಾ," ಅಂದು ಫೋನ್ ಇಟ್ಟುಬಿಟ್ಟರು.

ಈಗ ಕೋಣೆಯಲ್ಲಿ ಚಿತ್ರ ಒರಗಿಸಿಟ್ಟಿದ್ದ ಜಾಗ ಖಾಲಿ. ಮಲಗಿದರೂ ಭುಜ ಸಡಿಲವಾಗುತ್ತಿಲ್ಲ. "ಇಳಿಸು" ಅಂತ ನಾನೇ ಗಟ್ಟಿಯಾಗಿ ಹೇಳಿ ನೋಡಿದೆ. ಭುಜಕ್ಕೆ ನನ್ನ ದನಿಯ ಗುರುತು ಸಿಗಲಿಲ್ಲ.