ಉಡಿಯ ಅಕ್ಕಿ ಚೆಲ್ಲಿದ ದಿನ

ತಾವರಗೇರಾ
೧೨ ಫೆಬ್ರುವರಿ ೨೦೨೫

ಭವಾನಿ ಅಕ್ಕನಿಗೆ,

ತಂಗಿ ಅಮೃತಾ ಮಲಗಿದಲ್ಲಿಂದಲೇ ಮಾಡುವ ನಮಸ್ಕಾರ. ಬಗ್ಗಿ ಕಾಲು ಮುಟ್ಟುವಂತಿಲ್ಲ, ಅದು ನಿನಗೆ ಗೊತ್ತೇ ಇದೆ. ಸೋಮವಾರ ಯಲಬುರ್ಗಾದಿಂದ ಬಂದು ಮತ್ತೆ ನನ್ನ ಆರೈಕೆಗೆ ನಿಲ್ಲುತ್ತೇನೆಂದು ನಮ್ಮ ಮನೆಯವರಿಗೆ ಫೋನ್ ಮಾಡಿ ಹೇಳಿದೆಯಂತೆ. ನಾನು ಫೋನಿಗೆ ಬರದೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಮೊದಲು ಅಳುತ್ತೀ, ಆಮೇಲೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ.

ಕಂಡಕ್ಟರ್ ಡ್ಯೂಟಿಯಲ್ಲಿ ಹುಲಿಹೈದರದಲ್ಲಿ ಬಸ್ಸಿನಿಂದ ಇಳಿದು ಸೀಟಿ ಊದುವಷ್ಟರಲ್ಲಿ ಬೈಕ್ ಗುದ್ದಿ ನನ್ನ ಟೊಂಕದ ಕೀಲು ತಪ್ಪಿದಾಗ, ಮನೆಮಠ ಬಿಟ್ಟು ಐದು ವಾರ ನನ್ನ ಹತ್ತಿರ ಇದ್ದವಳು ನೀನು. ಮೂರು ತಿಂಗಳು ನೆಲಕ್ಕೆ ಕೂರಬಾರದು, ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ಡಾಕ್ಟರು ಹೇಳಿದ್ದನ್ನು ನನಗಿಂತ ಚೆನ್ನಾಗಿ ನೀನೇ ಬಾಯಿಪಾಠ ಮಾಡಿದ್ದೆ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿಸಿದೆ. ಸೀರೆಯ ನೆರಿಗೆ ಹಿಡಿಯಲು ನಾನು ಬಗ್ಗಿದರೆ ಬೆನ್ನಿಗೊಂದು ಕೊಡುತ್ತಿದ್ದೆ. ಅವ್ವ ಇದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಎಂದು ನೋಡಲು ಬಂದವರಿಗೆಲ್ಲ ನಾನು ಹೇಳುತ್ತಿದ್ದೆ. ಈಗ ಆ ಮಾತು ನೆನೆದರೆ ಮೈ ಉರಿಯುತ್ತದೆ.

ನಿನ್ನ ಮಗಳ ನಿಶ್ಚಯದ ದಿನ ಕಾರಿನಲ್ಲಿ ಹಿಂದಕ್ಕೆ ಒರಗಿಸಿ ಜೋಪಾನವಾಗಿಯೇ ಕರೆದೊಯ್ದೆ. ಗಂಗಾವತಿಯ ಬೀಗರು ಬರುವ ಹೊತ್ತಿಗೆ ನನ್ನ ವಾಕರ್ ಬಚ್ಚಲುಮನೆ ಸೇರಿತ್ತು. "ಅವರ ಮುಂದ ಅದನ್ನ ಹಿಡ್ಕೊಂಡು ತಿರುಗಬ್ಯಾಡ. ಇವರ ಮನಿತನದಾಗ ಎಲುಬಿನ ಬ್ಯಾನಿ ಐತಿ ಅಂದ್ಕೋತಾರ. ಉಡಿ ತುಂಬೋತನಕ ಒಂದು ಗಳಿಗಿ ಮಣಿ ಮ್ಯಾಲ ಕುಂತು ಏಳು" ಎಂದೆ ನೀನು. ಸುಳ್ಳೇಕೆ ಹೇಳಲಿ, ನನಗೂ ಆಸೆಯಿತ್ತು. ನಾಲ್ಕು ಮಂದಿಯಲ್ಲಿ ಎಲ್ಲರಂತೆ ಕೂರಬೇಕೆನಿಸಿತ್ತು. ಅಷ್ಟು ತಪ್ಪು ನನ್ನದು.

ನಾನು ನಿನ್ನ ಮಗಳ ಪಕ್ಕದಲ್ಲಿ ನೆಲದ ಮಣೆಯ ಮೇಲೆ ಕುಳಿತು ಸೆರಗೊಡ್ಡಿ ಬಾಗಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಬಿದ್ದವು. ಏಳಲು ಕಾಲು ತಿರುವಿದಾಗ ಕೀಲು ಕಳಚಿದ ಸದ್ದು ನನಗೇ ಕೇಳಿಸಿತು. ಉಡಿಯ ಅಕ್ಕಿಯೆಲ್ಲ ಚೆಲ್ಲಿತು. ನೀನು ಮೊದಲು ಅಕ್ಕಿಯ ಕಡೆ ನೋಡಿದೆ, ಆಮೇಲೆ ನನ್ನ ಕಡೆ.

ಅದನ್ನೂ ನಾನು ನುಂಗಿಕೊಂಡೆ. ಆಸ್ಪತ್ರೆಯಲ್ಲಿ ಡಾಕ್ಟರು ಸಿಟ್ಟಿನಿಂದ ಕೇಳಿದಾಗ ನೀನು ಹೇಳಿದ್ದನ್ನು ಮಾತ್ರ ನುಂಗಲಾಗಲಿಲ್ಲ. "ನಾ ಬ್ಯಾಡ ಅಂದ್ರೂ ಕೇಳಲಿಲ್ರಿ, ತಾನ ಹೋಗಿ ಕುಂತಳು" ಎಂದೆ. ಡಾಕ್ಟರು ನನ್ನ ಮುಖ ನೋಡಿದರು. ಬಾಗಿಲಲ್ಲಿ ಬೀಗರ ಕಡೆಯವರು ನಿಂತಿದ್ದರು. ನೋವಿನಲ್ಲೂ ನಾನು ಹೌದೆಂದು ತಲೆಯಾಡಿಸಿದೆ. ಪೇಶಂಟ್ ಮಾತು ಕೇಳುವುದಿಲ್ಲ ಎಂದು ಅವರು ನನ್ನ ಆಸ್ಪತ್ರೆ ಚೀಟಿಯ ಮೇಲೆ ಬರೆದರು.

ನಾಳೆ ನಾನು ಮತ್ತೆ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿಯಬೇಕಾದರೆ ಫಿಟ್ ಎಂದು ಬರೆದುಕೊಡಬೇಕಾದವರೂ ಅವರೇ. ನಾನು ಏನು ಹೇಳಿದರೂ ಈಗ ನಂಬುವುದಿಲ್ಲ. ಮೂರನೆಯ ಸಲ ತಪ್ಪಿದರೆ ಕೊಯ್ದೇ ಕೂಡಿಸಬೇಕಂತೆ. ದಿನವೂ ಒಬ್ಬಳೇ ಗೋಡೆ ಹಿಡಿದು ಹೆಜ್ಜೆ ಎಣಿಸುತ್ತೇನೆ.

ನಿನಗೆ ಮಗಳ ಭಯವಿತ್ತು. ಸಂಬಂಧ ಮುರಿದರೆ ಎಂಬ ದಿಗಿಲಿಗೆ ಹಾಗೆ ಮಾಡಿದೆ, ನನ್ನ ಮೇಲಿನ ತಾತ್ಸಾರಕ್ಕಲ್ಲ ಎಂದು ಹತ್ತು ದಿನದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದ್ದರಿಂದ ಸೋಮವಾರ ಬಾ. ಆದರೆ ಮೊದಲು ಆ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನು ನಡೆದಂತೆ ಹೇಳಿ ಬಾ. ಅಷ್ಟು ಮಾಡಿದರೆ ಈ ವಿಷಯ ನಾನು ಮತ್ತೆ ಎತ್ತುವುದಿಲ್ಲ.

ನಿನ್ನ ಕೈಯೂಟಕ್ಕೆ ಒಗ್ಗಿಹೋದ ತಂಗಿ,
ಅಮೃತಾ

ತಾ.ಕ.: ಕಾಗದ ಮಡಿಸಿಟ್ಟಿದ್ದೆ. ಮಧ್ಯಾಹ್ನ ನಿನ್ನ ಬೀಗಿತ್ತಿ ಪಂಪಮ್ಮ ನನ್ನನ್ನು ನೋಡಲು ಬಂದರು. "ಬೈಕ್ ಗುದ್ದಿ ನೀವು ಬಿದ್ದದ್ದು ನಮಗ ಮೊದಲ ಗೊತ್ತಿತ್ರಿ. ಕುರ್ಚಿ ಮ್ಯಾಲ ಕುಂದ್ರಸ್ರಿ, ನಾವು ನಿಂತು ಉಡಿ ತುಂಬತೀವಿ ಅಂತ ನಿಶ್ಚಯದ ಹಿಂದಿನ ದಿನಾನ ನಿಮ್ಮ ಅಕ್ಕಗ ಫೋನ್ ಮಾಡಿದ್ದೆ. ಅದಕ್ಕ ಅವರು, ಅಕಿಗೇನೂ ಆಗಿಲ್ರಿ, ರಜಾ ಸಿಗಲಿ ಅಂತ ನಾಟಕ ಮಾಡಾಕತ್ಯಾಳ ಅಂದ್ರು. ಖರೇನರಿ?" ಎಂದು ಕೇಳಿದರು. ನಿನ್ನ ಅಳಿಯನಾಗುವ ಅವರ ಮಗ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ. ನಿನ್ನನ್ನು ಸುಳ್ಳುಗಾತಿ ಮಾಡಿದರೆ ನಾಳೆ ಆ ಮನೆಯಲ್ಲಿ ಚುಚ್ಚುಮಾತು ಕೇಳುವವಳು ನಿನ್ನ ಮಗಳು. "ಹೌದ್ರಿ, ಅಕ್ಕ ಹೇಳಿದ್ದು ಖರೇ" ಎಂದೆ. ಇನ್ನು ನೀನು ಡಾಕ್ಟರ ಹತ್ತಿರ ಹೋಗುವುದೂ ಬೇಡ, ಇಲ್ಲಿಗೆ ಬರುವುದೂ ಬೇಡ.