ನಾಲ್ಕನೆಯ ಪಾಲು

ಶಿರ್ವ
9-9-1984, ಭಾನುವಾರ

ಪ್ರೀತಿಯ ಕ್ಲಾರೆನ್ಸ್‌ರಿಗೆ, ಆಂಜೆಲಾಳ ನಮಸ್ಕಾರಗಳು.

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಗಾಬರಿಯಾಗಬೇಡಿ. ಗಂಡನಿಗೆ ಕೊಂಕಣಿಯಲ್ಲಿ ಬರೆಯಲು ಕೂತರೆ ಎರಡನೆಯ ಸಾಲಿಗೇ ಜಗಳ ಬರುತ್ತದೆ. ಕನ್ನಡದಲ್ಲಾದರೆ ಕ್ಲಾಸಿನಲ್ಲಿ ನಿಂತ ಹಾಗಿರುತ್ತದೆ. ಸಿಟ್ಟು ಬಂದರೂ ವಾಕ್ಯ ಪೂರ್ತಿ ಮಾಡಬೇಕಾಗುತ್ತದೆ.

ನಿನ್ನೆ ಮೊಂತಿ ಹಬ್ಬದ ಹೊಸ ತೆನೆ ಮನೆಗೆ ಬಂತು. ನಿಮ್ಮ ಅಮ್ಮ ಇಲ್ಲದ ಮೊದಲ ಹಬ್ಬ. ಮಾರ್ಚಿನಲ್ಲಿ ಅವರು ತೀರಿಕೊಂಡಾಗ ಕುವೈಟಿನಿಂದ ನಿಮ್ಮ ತಂತಿ ಬಂತು, ರಜೆ ಸಿಗಲಿಲ್ಲ ಎಂದು. ಅದರ ಬಗ್ಗೆ ನಾನು ಆಗಲೂ ಏನೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಇಗರ್ಜಿಯ ಅಂಗಳದಲ್ಲಿ ಜನರು ಬೇಕಾದಷ್ಟು ಮಾತನಾಡಿ ಮುಗಿಸಿದ್ದಾರೆ. ನೀವು ಮನೆಗೆ ಬಾರದೆ ನಾಲ್ಕು ವರ್ಷ ಮೂರು ತಿಂಗಳಾಯಿತು.

ಹಬ್ಬದ ಪದ್ಧತಿ ನಿಮಗೆ ನೆನಪಿರಬಹುದು. ಫಾದರ್ ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಗೆ ತಂದು, ಹಿರಿಯರು ಕಾಳು ಸುಲಿದು, ಮನೆಗೆ ಸೇರಿದವರು ಎಷ್ಟು ಮಂದಿಯೋ ಅಷ್ಟು ಪಾಲು ಮಾಡಬೇಕು. ಮನೆಯಲ್ಲಿದ್ದವರ ಪಾಲು ತೆಂಗಿನ ಹಾಲಿಗೆ, ದೂರದಲ್ಲಿದ್ದವರ ಪಾಲು ಕಾಗದದೊಳಗೆ. ಕಳೆದ ವರ್ಷದವರೆಗೆ ಅದು ನಿಮ್ಮ ಅಮ್ಮನ ಕೆಲಸ. ನಿಮ್ಮ ಪಾಲನ್ನು ಅವರು ಎಲ್ಲರಿಗಿಂತ ಮೊದಲು ತೆಗೆದಿಡುತ್ತಿದ್ದರು. ಈ ಸಲ ತಟ್ಟೆ ಹಿಡಿದು ಕೂತಾಗಲೇ ನನಗೆ ಹೊಳೆದದ್ದು, ಈಗ ಈ ಮನೆಯ ಹಿರಿಯಳು ನಾನು ಎಂದು.

ಲೊರ್ನಾ ಎದುರು ಕೂತು, "ಎಷ್ಟು ಪಾಲು ಮಮ್ಮಿ?" ಎಂದು ಕೇಳಿದಳು. ಹತ್ತನೆಯ ಕ್ಲಾಸಿಗೆ ವಿಜ್ಞಾನ ಕಲಿಸುವ ಹೆಂಗಸು, ಒಂಬತ್ತು ವರ್ಷದ ಹುಡುಗಿಯ ಲೆಕ್ಕಕ್ಕೆ ತಟ್ಟೆಯ ಕಾಳನ್ನು ಮತ್ತೆ ಮತ್ತೆ ಎಣಿಸಿದೆ. ನಿಮ್ಮನ್ನು ಎಣಿಸಬೇಕೋ ಬೇಡವೋ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕೊನೆಗೆ ನಾಲ್ಕು ಎಂದೆ. ಅವಳು ಬೆರಳು ಮಡಚಿದಳು. "ಮಮ್ಮಿ, ನಾನು, ಪಪ್ಪಾ, ಮತ್ತೊಂದು ಅಜ್ಜಿಗೆ" ಎಂದಳು. ಅವಳ ಕಣ್ಣು ತುಂಬಿತ್ತು, ನಾನು ತಿದ್ದಲಿಲ್ಲ.

ಆಮೇಲೆ ಇಬ್ಬರೇ ಊಟ ಮಾಡಿದೆವು. ಐದು ಬಗೆಯ ಪದಾರ್ಥ, ಎರಡು ಬಾಳೆಎಲೆ. ಅಷ್ಟು ಉದ್ದದ ಮೇಜಿನ ಮೇಲೆ ಎರಡು ಎಲೆ ನೋಡುವಾಗ ಕಳೆದ ವಾರದ ಪಾಠ ನೆನಪಾಯಿತು. ಮಕ್ಕಳಿಗೆ ಪರಮಾಣು ಕಲಿಸುತ್ತಿದ್ದೆ. ನಮ್ಮ ಇಗರ್ಜಿಯ ಪೀಠದ ಮೇಲೆ ಒಂದು ಅಕ್ಕಿಕಾಳು ಇಟ್ಟು ಅದನ್ನೇ ನ್ಯೂಕ್ಲಿಯಸ್ ಅಂದುಕೊಂಡರೆ, ಎಲೆಕ್ಟ್ರಾನು ಮೈದಾನ ದಾಟಿ ಬಸ್ಸಿನ ರಸ್ತೆಯಲ್ಲೆಲ್ಲೋ ಇರುತ್ತದೆ, ನಡುವೆ ಏನೂ ಇಲ್ಲ, ಎಲ್ಲ ಖಾಲಿ ಎಂದಿದ್ದೆ. ಕಲ್ಲು, ಮರ, ಈ ಮೇಜು, ನಾವು, ಎಲ್ಲ ಅದರಿಂದಲೇ ಆದದ್ದು. ಕ್ಲಾಸಿನಲ್ಲಿ ಹೇಳುವಾಗ ಖುಷಿಯಾಗಿತ್ತು. ಮನೆಯಲ್ಲಿ ಅದು ನೆನಪಾದರೆ ಖುಷಿಯಾಗುವುದಿಲ್ಲ. ನನಗೆ ಒಂಟಿತನ ತುಂಬಾ ಆಗುತ್ತದೆ, ಕ್ಲಾರೆನ್ಸ್. ಇದನ್ನು ಇಷ್ಟು ವರ್ಷ ಬರೆಯಲಿಲ್ಲ, ನೀವು ಅಲ್ಲಿ ಬಿಸಿಲಿನಲ್ಲಿ ಕಷ್ಟಪಡುತ್ತೀರಿ ಎಂದು.

ನಿಮ್ಮ ಕಾಗದಗಳು ಮೊದಲು ನಾಲ್ಕು ಪುಟ ಇರುತ್ತಿದ್ದವು. ಆಮೇಲೆ ಎರಡು, ಆಮೇಲೆ ಒಂದು. ಎರಡು ವರ್ಷದ ಹಿಂದೆ ಒಂದು ಬಂತು, ಅದರಲ್ಲಿ ನಮ್ಮ ಕ್ಷೇಮ ವಿಚಾರಿಸಿದ್ದು ಒಂದೇ ಸಾಲು. ಉಳಿದದ್ದೆಲ್ಲ ಯಾರೋ ಸ್ನೇಹಿತರ ಹಸುಗೂಸಿಗೆ ಹೊಟ್ಟೆನೋವು, ಅಮ್ಮ ಬಜೆ ಬೇರು ಹೇಗೆ ತೇಯುತ್ತಿದ್ದರು ಕೇಳಿ ತಿಳಿಸು ಎಂದು. ಅಮ್ಮನಿಗೆ ಎಷ್ಟು ಸಂತೋಷ. ಮಗ ತನ್ನನ್ನು ಕೇಳಿದ ಎಂದು ಹಾಸಿಗೆಯಿಂದ ಎದ್ದು ಕೂತು ಹೇಳಿದರು, ನಾನು ಬರೆದು ಕಳುಹಿಸಿದೆ.

ಈ ಮೇ ತಿಂಗಳಲ್ಲಿ ಪಡುಬಿದ್ರಿಯ ಜೋಕಿಮ್ ಕುವೈಟಿನಿಂದ ರಜೆಯಲ್ಲಿ ಬಂದವರು ನಿಮ್ಮ ಫೋಟೋ ತಂದುಕೊಟ್ಟರು. ನಿಮ್ಮ ಬಗ್ಗೆ ಕೇಳಿದರೆ, "ಆರಾಮ ಇದ್ದಾರೆ ಬಾಯಿ, ಎಂತ ತೊಂದರೆಯೂ ಇಲ್ಲ" ಎಂದು ಚಹಾದ ಲೋಟಕ್ಕೆ ಉತ್ತರ ಕೊಟ್ಟರು. ಫೋಟೋದಲ್ಲಿ ನಿಮ್ಮ ಎಡಗೈ ಬದಿಯನ್ನು ಯಾರೋ ಕತ್ತರಿಯಿಂದ ನೇರ ಮಾಡಿದ್ದರು. ಲೊರ್ನಾಳಿಗೆ ಚೌಕಟ್ಟು ಹಾಕಿಸಿ ಕೊಟ್ಟಿದ್ದೇನೆ.

ಈಗ ಒಂದು ಬೇರೆ ವಿಷಯ, ಬೇಸರಿಸದೆ ಓದಿ. ಅಮ್ಮನನ್ನು ಮಣಿಪಾಲದಲ್ಲಿ ಸೇರಿಸಿದ್ದಾಗ ಹೊರಗಿನ ಬೆಂಚಿನಲ್ಲಿ ಕೂತು ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಓದಿದೆ. ಆಕಾಶದಲ್ಲಿ ಕೋಟಿಗಟ್ಟಲೆ ನಕ್ಷತ್ರಗಳು ಗುಂಪುಗುಂಪಾಗಿ ಒಂದು ನಡುವಿನ ಸುತ್ತ ತಿರುಗುತ್ತವೆ. ಅಂಚಿನಲ್ಲಿರುವವು ನಿಧಾನವಾಗಿ ತಿರುಗಬೇಕಿತ್ತಂತೆ. ಅಳೆದು ನೋಡಿದರೆ ಒಳಗಿನವುಗಳಷ್ಟೇ ವೇಗ. ಕಣ್ಣಿಗೆ ಕಾಣುವಷ್ಟೇ ತೂಕ ಇದ್ದರೆ ಅವು ಎಂದೋ ಚದುರಿ ಹೋಗಬೇಕಿತ್ತು. ಹಾಗಾದರೆ ಕಾಣದ ತೂಕ ಒಂದು ಇದೆ, ಕಾಣುವುದಕ್ಕಿಂತ ಹೆಚ್ಚೇ ಇದೆ. ಅದು ಬೆಳಕು ಕೊಡುವುದಿಲ್ಲ. ಯಾವುದರಿಂದ ಆದದ್ದೋ ದೊಡ್ಡ ದೊಡ್ಡವರಿಗೂ ಗೊತ್ತಿಲ್ಲವಂತೆ.

ಇದನ್ನು ಕ್ಲಾಸಿನಲ್ಲಿ ಹೇಳಿದೆ, ಪುಸ್ತಕದಲ್ಲಿ ಇಲ್ಲದಿದ್ದರೂ. ಮುಂದಿನ ಬೆಂಚಿನ ಕುಶಲಾ ಎಂಬ ಹುಡುಗಿ ಎದ್ದು, "ಕಾಣದ್ದು ಉಂಟು ಅಂತ ಹೇಗೆ ಗೊತ್ತಾಗುವುದು ಟೀಚರ್?" ಎಂದಳು. ಕಾಣುವುದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ ಎಂದೆ. ಹೇಳಿದ ಮೇಲೆ ಬೋರ್ಡಿನ ಕಡೆ ತಿರುಗಿ ಒರೆಸಿದ್ದನ್ನೇ ಮತ್ತೆ ಒರೆಸಿದೆ.

ನಾನು ಕೇಳುವುದು ಇಷ್ಟೇ. ನೀವು ಈ ಮನೆಗೆ ಸೇರಿದವರೋ ಅಲ್ಲವೋ? ಹೌದಾದರೆ ಹೌದೆಂದು ಬರೆಯಿರಿ. ಅಲ್ಲವಾದರೆ ಮುಂದಿನ ವರ್ಷ ಎರಡೇ ಪಾಲು ಮಾಡುತ್ತೇನೆ, ಲೊರ್ನಾಳಿಗೆ ನಾನೇ ಹೇಳುತ್ತೇನೆ. ಎರಡನ್ನೂ ನಾನು ತಾಳಿಕೊಳ್ಳಬಲ್ಲೆ. ಗೊತ್ತಿಲ್ಲದೆ ಕಾಯುವುದು ಮಾತ್ರ ಇನ್ನು ಆಗುವುದಿಲ್ಲ.

ಲೊರ್ನಾ ಈಗ ನನ್ನ ಭುಜದವರೆಗೆ ಬಂದಿದ್ದಾಳೆ. ಅಂಗಳದ ಬಾವಿಗೆ ಹೊಸ ರಾಟೆ ಹಾಕಿಸಿದೆ. ಆರೋಗ್ಯ ನೋಡಿಕೊಳ್ಳಿ.

ಇಲ್ಲಿ ದಿನವೂ ತೇರ್ಸದ ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಹೇಳುವ,
ಆಂಜೆಲಾ

ವಿ. ಸೂ.: ಪೊಟ್ಟಣ ಬಿಚ್ಚುವಾಗ ಜಾಗ್ರತೆ, ಒಳಗೆ ಎರಡು ಪಾಲು ಉಂಟು. ನಾಲ್ಕನೆಯದು ಅಮ್ಮನದಲ್ಲ. ತೀರಿಕೊಂಡವರಿಗೆ ಪಾಲು ತೆಗೆಯುವ ಕ್ರಮ ನಮ್ಮಲ್ಲಿಲ್ಲ, ನಿಮಗೂ ಗೊತ್ತು. ನನಗೆ ಯಾರೂ ಏನೂ ಹೇಳಿಲ್ಲ, ಜೋಕಿಮ್‌ರ ಮೇಲೆ ಸಂಶಯ ಬೇಡ. ಆದರೆ ಆ ಫೋಟೋದಲ್ಲಿ ನಿಮ್ಮ ಎಡಭುಜ ವಾಲಿದೆ. ಲೊರ್ನಾಳನ್ನು ಎತ್ತಿಕೊಂಡಾಗಲೂ ನೀವು ಹಾಗೆಯೇ ನಿಲ್ಲುತ್ತಿದ್ದಿರಿ. ಗಂಡೋ ಹೆಣ್ಣೋ ನನಗೆ ತಿಳಿಯದು, ಬಜೆ ಕೇಳಿದ ಲೆಕ್ಕದಲ್ಲಿ ಎರಡು ವರ್ಷ ದಾಟಿರಬೇಕು. ಅದರ ತಾಯಿಗೂ ಪಾಲು ಕಳುಹಿಸುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ. ಕಾಳನ್ನು ಹಾಗೆಯೇ ಕೊಡಬೇಡಿ, ಗಂಟಲಿಗೆ ಸಿಕ್ಕೀತು, ಹಾಲಿನಲ್ಲಿ ಅರೆದು ಕೊಡಿ. ನಿಮ್ಮ ಉತ್ತರ ಏನೇ ಇದ್ದರೂ ಮಗುವಿನ ಹೆಸರು ಬರೆಯಿರಿ. ಪ್ರಾರ್ಥನೆಯಲ್ಲಿ ಹೇಳಬೇಕು.