ಅವ್ವನ ಮೊಳ

9 ಆಗಸ್ಟ್ 2003, ಶನಿವಾರ, ಸಂಜೆ

ಬೆರಳೆಲ್ಲ ಅಂಟಂಟು. ಪೆನ್ನೂ ಜಾರುತ್ತಿದೆ. ನಿನ್ನೆ ಶ್ರಾವಣ ಶುಕ್ರವಾರ. ಹಡಗಲಿ ಬಸ್‌ಸ್ಟ್ಯಾಂಡಿನ ಮುಂದಿನ ನಮ್ಮ ಹೂವಿನ ಅಂಗಡಿಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ಇವತ್ತೂ ಅದೇ ಹಾಡು. ಇವರು ಹೂವಿನ ಪುಟ್ಟಿ ಹೇರಿಕೊಂಡು ದಾವಣಗೆರೆ ಬಸ್ಸು ಹತ್ತಿದರು. ನಾನು, ಅತ್ತೆ ಪಂಪಮ್ಮ — ಮಲ್ಲಿಗೆ ಕಟ್ಟಿದ್ದೇ ಕಟ್ಟಿದ್ದು.

ತೋಟದವರು ಮೊಗ್ಗಿನ ರೇಟು ಏರಿಸಿದ್ದಾರೆ. ನಾವು ಏರಿಸುವ ಹಾಗಿಲ್ಲ, ಏರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಹೇಳಿಕೊಟ್ಟಿದ್ದರು: “ಶ್ರಾವಣದಾಗ ರೇಟು ಏರಸಬಾರ್ದು ಸುಮಾ, ಮೊಳ ಇಳಸಬೇಕು.” ಬೆರಳ ತುದಿ ಒಳಗೆ ಮಡಚುವುದು. ಮೊಳಕೈ ಬಿಟ್ಟು ಸ್ವಲ್ಪ ಮುಂದೆ ಹಿಡಿಯುವುದು. ಮಾತಾಡಿಸುತ್ತ ಅಳೆದರೆ ಯಾರಿಗೂ ತಿಳಿಯುವುದಿಲ್ಲ. ಈಗ ಶ್ರಾವಣವೂ ಬೇಕಿಲ್ಲ, ಕೈ ತಾನೇ ಮಡಚಿಕೊಳ್ಳುತ್ತದೆ.

ಮಗಳು ಶಾಂಭವಿ ಸ್ಕೂಲಿಂದ ಕುಣಿಯುತ್ತ ಬಂದಳು.

“ಯವ್ವಾ, ನಾಳಿ ಮನಿನೇ ಸಾಲಿ! ನೀನೇ ಟೀಚರ್ ಅಂತ! ಕೊಟ್ರಮ್ಮ ಟೀಚರ್ ಹೇಳ್ಯಾರ.”

ಎರಡನೇ ಕ್ಲಾಸಿನ ಮಕ್ಕಳಿಗೆಲ್ಲ ಮನೆಯಲ್ಲಿ ಮಾಡುವ ಆಕ್ಟಿವಿಟಿ. ಕಾಳು ಬೆರೆಸಿ ಬೇರೆ ಮಾಡುವುದು. ಗೇಣು ಹಾಕಿ ಬಾಗಿಲು ಅಳೆಯುವುದು. ಮನೆಯವರ ಒಬ್ಬೊಬ್ಬರ ಮೊಳದಷ್ಟು ದಾರ ಕತ್ತರಿಸಿ, ಯಾರದು ದೊಡ್ಡದು ಅಂತ ನೋಡುವುದು. ಸೋಮವಾರ ಎಲ್ಲರ ಮುಂದೆ ಹೇಳಬೇಕಂತೆ.

ಎಸ್ಸೆಸ್ಸೆಲ್ಸಿ ಫೇಲಾದ ನಾನು ಟೀಚರ್! ನಗು ಬಂತು. ಒಳಗೊಳಗೆ ಹಿಗ್ಗೂ ಆಯ್ತು, ಸುಳ್ಳು ಯಾಕೆ.

10 ಆಗಸ್ಟ್, ಮಧ್ಯಾಹ್ನ

ಎಷ್ಟು ಚೆಂದದ ಮುಂಜಾನೆ. ತೊಗರಿ, ಹೆಸರು, ಅಲಸಂದಿ ಮೊರದಲ್ಲಿ ಬೆರೆಸಿ ಕೊಟ್ಟೆ. ನಾಲಗೆ ಕಚ್ಚಿಕೊಂಡು ಒಂದೊಂದೇ ಆರಿಸಿದಳು. ಅತ್ತೆಗೆ ತಮಾಷೆ — “ಕಾಳು ಹಸನ ಮಾಡಾಕ ಈಗ ಸಾಲಿಗಿ ಹೋಗ್ಬೇಕೇನು? ನಾನು ಹಂಗಾದ್ರ ದೊಡ್ಡ ಟೀಚರ್ ಬಿಡು!” ಬಾಗಿಲಿಗೆ ಗೇಣು ಹಾಕುತ್ತ ನಡುವೆ ಎಣಿಕೆ ಮರೆತು ಮತ್ತೆ ಮೊದಲಿಂದ. ನಗು ತಡೆಯಲಾಗಲಿಲ್ಲ.

ಆಮೇಲೆ ಮೊಳ. ದಾರದ ಬದಲು ಹೂ ಕಟ್ಟುವ ಬಾಳೆನಾರು. ನಾನು ಕೈ ಚಾಚಿದೆ.

“ಬೆರಳು ಮಡಚಬ್ಯಾಡ ಯವ್ವಾ. ನೆಟ್ಟಗ ಹಿಡಿ.”

ಮಡಚಿದ್ದೆ! ಮಗಳ ಮುಂದೆಯೂ! ನೆಟ್ಟಗೆ ಮಾಡಿದೆ. ನನ್ನ ನಾರಿನ ತಲೆಗೆ ಗುರುತಿಗೆ ಕೆಂಪು ದಾರದ ಗಂಟು ಹಾಕಿದಳು. ಅಜ್ಜಿಯದು ಗಿಡ್ಡ, ಅವಳದು ಇನ್ನೂ ಗಿಡ್ಡ. “ಅವ್ವನ ಮೊಳನೇ ದೊಡ್ಡದು!” ಅಂತ ಓಣಿಗೆಲ್ಲ ಕೇಳುವಂತೆ ಕೂಗಿದಳು.

ಅದೇ ದಿನ, ದೀಪ ಹಚ್ಚಿದ ಮೇಲೆ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಎದೆಯ ಭಾರ ಇಳಿಯುವುದಿಲ್ಲ.

ಸಂಜೆ ಅಂಗಡಿಗೆ ಪಾಲಮ್ಮ ಬಂದಳು. ಕುರಿ ಸಾಕುವ ಮನೆಯ ಹೆಂಗಸು, ಪ್ರತಿ ಭಾನುವಾರ ಮೈಲಾರಪ್ಪನಿಗೆ ಒಂದು ಮೊಳ ಒಯ್ಯುತ್ತಾಳೆ. “ನಾಕು ಅಂಗಡಿ ದಾಟಿ ನಿನ್ನತ್ರನೇ ಬರ್ತೀನಿ ನೋಡು. ದೇವರ ಹೂವು, ಕೊಡೋ ಕೈ ಶುದ್ಧ ಇರ್ಬೇಕು.” ಮರಿ ಹಾಕಿದ ಕುರಿಯ ಸುದ್ದಿ ಕೇಳುತ್ತ ಅಳೆದೆ. ಹೇಗೆ ಅಳೆದೆ ಅಂತ ಬೇರೆ ಬರೆಯಬೇಕೆ.

ಶಾಂಭವಿ ನಾರು ಹಿಡಿದುಕೊಂಡು ಅಲ್ಲೇ ಇದ್ದಳು. ಆಟದ ಗುಂಗು. ಕೆಂಪು ಗಂಟಿನ ನಾರನ್ನು ಹೂವಿನ ಪಕ್ಕಕ್ಕಿಟ್ಟಳು. ಹೂವು ಮುಗಿಯಿತು. ನಾರು ಇನ್ನೂ ಅರ್ಧ ಗೇಣು ಮುಂದಕ್ಕೆ.

“ಯವ್ವಾ, ಕಮ್ಮಿ ಐತಿ! ಇದು ನಿನ್ನ ಮೊಳ ಅಲ್ಲ!”

ಖುಷಿಯಿಂದಲೇ ಅಂದಳು, ಏನೋ ಸಿಕ್ಕಿತು ಅನ್ನುವ ಹಾಗೆ. ಪಾಲಮ್ಮ ನೋಡುತ್ತಿದ್ದಾಳೆ.

“ನಿನ್ನ ನಾರೇ ತಪ್ಪು,” ಅಂದೆ. “ಎಳದಾಡಿ ಉದ್ದ ಮಾಡೀದಿ. ಅಳಿಯಾಕ ಬರಲ್ಲ ನಿನಗ.”

“ಇಲ್ಲ ಯವ್ವಾ, ಮುಂಜಾನಿ ನೀನೇ ಕೈ—”

“ಬಾಯಿ ಮುಚ್ಚು! ದೊಡ್ಡೋರ ಮುಂದ ಸುಳ್ಳು ಹೇಳ್ತೀಯೇನು?”

ಪಾಲಮ್ಮ ಅವಳ ತಲೆ ಸವರಿದಳು. “ಬೈಬ್ಯಾಡ ಬಿಡು, ಕೂಸು ಅದು. ಅವ್ವನ ಮ್ಯಾಲ ಹಂಗ ಹೇಳಬಾರ್ದವ್ವಾ. ತಾಯಿ ಕೈ ತಪ್ಪತೈತೇನು?” ಹೂವು ಸೆರಗಿಗೆ ಕಟ್ಟಿಕೊಂಡು ಹೋದಳು.

ಶಾಂಭವಿ ಅತ್ತಿದ್ದರೆ ಎಷ್ಟೋ ವಾಸಿ. ಅಳಲಿಲ್ಲ. ನಾರನ್ನು ನೋಡಿದಳು. ಆಮೇಲೆ ನನ್ನ ಕೈಯನ್ನು. ಕೈ ಸೆರಗಿನೊಳಗೆ ಅಡಗಿತ್ತು.

ಥೂ ನನ್ನ ಜನ್ಮಕ್ಕಿಷ್ಟು.

11 ಆಗಸ್ಟ್, ಸೋಮವಾರ

“ಟೀಚರ್ ಏನಂದ್ರು?” ಅಂತ ಕೇಳಿದೆ. ಕೇಳಬಾರದಿತ್ತು.

“ಕಾಳಿಂದು ಹೇಳಿದೆ. ಬಾಗಿಲಿಂದು ಹೇಳಿದೆ. ಮೊಳದ್ದು ನಂದು ತಪ್ಪಾಗೈತ್ರಿ ಅಂದೆ.”

“ಆಮ್ಯಾಲೆ?”

“ಎಲ್ಲಾರಿಗೂ ಚಪ್ಪಾಳಿ ಹೊಡಿಸಿದ್ರು. ನನಗ, ‘ಇರ್ಲಿ, ಇನ್ನೊಮ್ಮೆ ಅಳ್ಕೊಂಡು ಬಾ’ ಅಂದ್ರು.”

ಇಷ್ಟೇ. ಹೋಗಿ ಅಜ್ಜಿಯ ಮಗ್ಗುಲಲ್ಲಿ ಕೂತಳು. ನಾನು ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದೆ.

14 ಆಗಸ್ಟ್

ಎರಡು ದಿನ ಬರೆಯಲಿಲ್ಲ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತಲೇ ತಳ್ಳಿದೆ. ಏಳು ವರ್ಷದ ಮಗುವಿನ ಎದುರು ನಾಲಗೆ ಏಳುವುದಿಲ್ಲ. ಗಿರಾಕಿಗಳೊಂದಿಗೆ ಜಗಳಕ್ಕೆ ನಿಂತರೆ ಬಸ್‌ಸ್ಟ್ಯಾಂಡೇ ತಿರುಗಿ ನೋಡುತ್ತದೆ, ಅಂಥ ಬಾಯಿ ನನ್ನದು!

ಇವತ್ತು ಶಾಂಭವಿ ಅಂಗಡಿಯಲ್ಲಿ ನನ್ನ ಬೆನ್ನ ಹಿಂದೆ ಏನೋ ಮಾಡುತ್ತಿದ್ದಳು. ತಿರುಗಿದರೆ ಕೈಯಲ್ಲಿ ಕತ್ತರಿ. ನಾನು ಅಳೆದಿಟ್ಟ ಹೂವಿನ ಪಕ್ಕಕ್ಕೆ ನಾರು ಹಿಡಿದು, ಹೆಚ್ಚಿಗೆ ಉಳಿದಿದ್ದನ್ನು ಕತ್ತರಿಸಿಬಿಟ್ಟಿದ್ದಾಳೆ. ಕೆಂಪು ಗಂಟು ಹಾಗೇ ಇದೆ.

“ಸರಿ ಮಾಡೀನಿ ಯವ್ವಾ. ನಾನೇ ಎಳದಿದ್ದೆ, ಅದಕ್ಕ ಉದ್ದ ಆಗಿತ್ತು. ಈಗ ನಿನ್ನ ಮೊಳಕ್ಕ ಸರಿ ಕೂಡ್ತೈತಿ.”

ನಂಬಿಬಿಟ್ಟಿದ್ದಾಳೆ. ತನ್ನ ಕಣ್ಣನ್ನು ಬಿಟ್ಟು ನನ್ನ ಮಾತನ್ನು.

ಅತ್ತೆ ನಕ್ಕರು. “ನಮ್ಮ ಮನಿ ಕೂಸು! ಕಲಿಸದೇನೇ ಕಲ್ತಳು.”

“ಸಾಕು ಮಾಡ್ರಿ ಅತ್ತಿ!” ಅಂತ ಅರಚಿದೆ.

“ಇಷ್ಟು ವರ್ಷ ಅದ್ರಾಗೇ ಉಂಡಿ. ಈಗ ಕಹಿ ಆತೇನು?”

ಉಂಡಿದ್ದು ನಿಜ.

17 ಆಗಸ್ಟ್, ಭಾನುವಾರ

ಗಟ್ಟಿ ಮನಸ್ಸು ಮಾಡಿಕೊಂಡೇ ಅಂಗಡಿಗೆ ಹೋದೆ. ಪಾಲಮ್ಮನ ಎದುರೇ ಮಗಳಿಗೆ ಹೇಳುವುದು: ನಿಂದೇ ಸರಿ ಇತ್ತು, ನಂದು ತಪ್ಪು. ಪಾಲಮ್ಮ ಉಗಿದರೆ ಉಗಿಯಲಿ.

ಬಂದಳು. ಬೆರಳು ನೆಟ್ಟಗೆ ಮಾಡಿ ಪೂರ್ತಿ ಮೊಳ ಅಳೆದೆ. ಅದರ ಮೇಲೆ ಇನ್ನರ್ಧ ಬಿಟ್ಟೆ. ಮಾತು ಇನ್ನೇನು ಬರಬೇಕು —

“ಇದೇನವ್ವಾ, ಇಷ್ಟುದ್ದ?”

“ಇರ್ಲಿ ಪಾಲಕ್ಕ, ದೇವರಿಗೆ.”

“ಬ್ಯಾಡ ಬ್ಯಾಡ. ಮೈಲಾರಪ್ಪಗ ಪುಕ್ಕಟಿ ಹೂವು ಯಾಕ? ನಿನ್ನ ಹೊಟ್ಟಿ ಮ್ಯಾಲ ಹೊಡೀಲೇನು ನಾನು?” ಶಾಂಭವಿ ಕಡೆ ತಿರುಗಿದಳು. “ಬಾರವ್ವಾ ಇಲ್ಲಿ. ಹೋದ ವಾರ ಬೈಸ್ಕೊಂಡಿ, ಪಾಪ. ನಿನ್ನ ನಾರು ತಾ. ಇವತ್ತು ನೀನೇ ಅಳಿ.”

ಓಡಿ ಬಂದಳು. ಕೆಂಪು ಗಂಟು ಹೂವಿನ ತುದಿಗೆ. ಕತ್ತರಿಸಿದ ತುದಿ ಎಲ್ಲಿ ಮುಗಿಯಿತೋ ಅಲ್ಲಿಗೆ ಪಾಲಮ್ಮನೇ ಹಿಡಿದು ಕತ್ತರಿಸಿ, ಉಳಿದದ್ದನ್ನು ನನ್ನ ಪುಟ್ಟಿಗೆ ಹಾಕಿದಳು.

“ಈಗ ಸರಿ ಆತು ನೋಡು. ಶಾಣ್ಯಾ ಅದಾಳ ನಿನ್ನ ಮಗಳು.”

ಒಂದು ವಾರದ ಮೇಲೆ ಶಾಂಭವಿ ಮುಖ ಅರಳಿತು. ನನ್ನ ಕಡೆ ನೋಡಿದಳು. ಚಪ್ಪಾಳೆಗೆ ಕಾಯುತ್ತಿದ್ದಳು.

ತಟ್ಟಿದೆ. ಶಿವನೇ, ಚಪ್ಪಾಳೆ ತಟ್ಟಿದೆ.

ಉಳಿದ ಹೂವನ್ನು ಮಾರಲಿಲ್ಲ. ಮನೆಗೆ ತಂದಿದ್ದೇನೆ, ಮುಂದೆಯೇ ಇದೆ. ಪಾಲಮ್ಮನ ಊರಿಗೆ ನಾಳೆ ಮುಂಜಾನೆ ಬಸ್ಸಿದೆ, ಹೋಗುತ್ತೇನೆ. ಅದಕ್ಕಿಂತ ಮೊದಲಿನ ಕೆಲಸ ಇಲ್ಲಿದೆ. ಹೊಸ ನಾರೊಂದು ತೆಗೆದಿಟ್ಟು ಕರೆದೆ. ಬಂದು ಎದುರಿಗೆ ಕೂತಿದ್ದಾಳೆ. ಬಲಗೈಯಲ್ಲಿ ಪೆನ್ನು, ಎಡಗೈ ಅವಳ ಮುಂದೆ ಚಾಚಿದ್ದೇನೆ. ಬೆರಳು ನೆಟ್ಟಗಿವೆ.

“ಯಾಕ ಯವ್ವಾ, ಮತ್ತ ಅಳೀಬೇಕೇನು? ಮೊನ್ನೆನೇ ಸರಿ ಮಾಡೀನಲ್ಲ?” ಅನ್ನುತ್ತಿದ್ದಾಳೆ.

ಪೆನ್ನು ಕೆಳಗಿಡಬೇಕು. ಶಾಂಭವಿ, ಆವತ್ತು ನಿನ್ನ ನಾರು—